ನಾಲ್ಕನೇ ಪ್ಲಾಟಿನ ಬಿಳಿ ಚುಕ್ಕಿ

ಮುನೀಶನ ಸಂಸಾರಕ್ಕೆ ಅಡ್ಡ ಬಂದದ್ದು ಅತ್ತೆಯಲ್ಲ, ಮಾವನಲ್ಲ, ಒಂದು ಎಣ್ಣೆ ಡಬ್ಬ.

ಸರಿಯಾಗಿ ಹೇಳಬೇಕೆಂದರೆ ಒಂದಲ್ಲ, ಒಂದು ಸಾಲು ಡಬ್ಬ. ತಗಡಿನ ದೊಡ್ಡ ಚೌಕ ಡಬ್ಬಗಳು. ಒಳಗಿನ ಎಣ್ಣೆ ಬೋಂಡಾ ಅಂಗಡಿಗಳ ಪಾಲಾದ ಮೇಲೆ ಹೊಟ್ಟೆಯಲ್ಲಿ ಒಂದೊಂದು ಕಲ್ಲು ಕಟ್ಟಿಸಿಕೊಂಡು ಕಗ್ಗಲಿದೊಡ್ಡಿಯ ಕಾಡಂಚಿನ ಮರಗಳಿಗೆ ನೇತುಬಿದ್ದಿದ್ದವು. ರಾಗಿ ತೆನೆ ಬಲಿಯುವ ಹೊತ್ತಿಗೆ ಆ ಸೀಮೆಯಲ್ಲಿ ಆನೆ ಇಳಿಯುತ್ತದೆ. ಆಗ ಹೊಲದ ಅಟ್ಟಣೆಯ ಮೇಲೆ ಕೂತವನು ಹಗ್ಗ ಜಗ್ಗಿದರೆ ಸಾಕು, ಡಬ್ಬಗಳೆಲ್ಲ ಒಟ್ಟಿಗೆ ಬಡಿದುಕೊಂಡು, ಆನೆಯ ಮಾತಿರಲಿ, ಯಮನ ಕೋಣವೂ ಬಂದ ದಾರಿ ಹಿಡಿಯಬೇಕು.

ಮುನೀಶ ಕಾಡು ಅಳೆಯುವವನು. ಬೇರಿಕೆ ಕಡೆಯ ಹುಡುಗ. ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಕೆಲಸಕ್ಕೆ ಸೇರಿ, ಅಂಚೆಟ್ಟಿಯಿಂದಾಚೆಯ ಈ ಊರಿಗೆ ಬಂದು ಬಿದ್ದಿದ್ದ. ಆಕಾಶದಲ್ಲಿ ಒಂದು ಸ್ಯಾಟಲೈಟು, ಅದರಲ್ಲಿ ಒಂದು ರೇಡಾರು. ಅದು ಕಾಡಿನ ಮೇಲೆ ಅಲೆ ಬಿಡುತ್ತದೆ. ಕಾಡು ಅದನ್ನು ದಿಕ್ಕಾಪಾಲು ಚೆದುರಿಸಿ ಒಂದಿಷ್ಟನ್ನು ಮಾತ್ರ ಮೇಲಕ್ಕೆ ಹಿಂದಿರುಗಿಸುತ್ತದೆ. ಬೊಡ್ಡೆ ಎಷ್ಟು ದಪ್ಪ, ಎಲೆ ಎಷ್ಟು ದಟ್ಟ, ನೆಲ ಎಷ್ಟು ತೇವ ಎಂಬುದನ್ನೆಲ್ಲ ಹಾಕಿ, ಹಿಂದಕ್ಕೆ ಬರಬೇಕಾದದ್ದು ಎಷ್ಟು ಎಂದು ಲೆಕ್ಕ ಕಟ್ಟುವವರು ಬೆಂಗಳೂರಿನ ಚಂದ್ರಲೇಖಾ ಮೇಡಂ. ಆ ಲೆಕ್ಕಕ್ಕೆ ಅವರು ಮಾಡೆಲ್ ಎನ್ನುತ್ತಿದ್ದರು. ಮೇಡಂ ಮಾಡೆಲ್ ಕಟ್ಟುತ್ತಿದ್ದರು, ಮುನೀಶ ಅಂಚಿನ ಮರಗಳಿಗೆ ಬಿಳಿ ಬಣ್ಣ ಬಳಿದು ಗುರುತು ಮಾಡಿದ ಪ್ಲಾಟುಗಳಲ್ಲಿ ಮರ ತಬ್ಬಿಕೊಂಡು ಟೇಪು ಸುತ್ತುತ್ತಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿಯನ್ನು ತಬ್ಬಿಕೊಂಡದ್ದಕ್ಕಿಂತ ಹೆಚ್ಚು ಸಲ ಅವನು ದಿಂಡಿಗದ ಮರಗಳನ್ನೇ ತಬ್ಬಿಕೊಂಡಿದ್ದ.

ಹೆಂಡತಿ ಸರಿತಾ ಹೊಸೂರಿನ ಒಂದು ಫೋನು ಜೋಡಿಸುವ ಫ್ಯಾಕ್ಟರಿಯಲ್ಲಿದ್ದಳು. ಇದ್ದದ್ದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಆ ಹಾಸ್ಟೆಲಿನ ಗೇಟು ಗಂಡಸರಿಗೆ ತೆರೆಯುವುದಿಲ್ಲ. "ಗಂಡ" ಎಂದರೂ ವಾರ್ಡನ್ ಕರಗಿದವಳಲ್ಲ, "ಎಲ್ರೂ ಹಂಗೇ ಹೇಳ್ತಾರೆ" ಎಂದಿದ್ದಳು. ಇವನ ರಜೆ ಭಾನುವಾರ, ಅವಳ ರಜೆ ಶಿಫ್ಟಿನ ಚಕ್ರ ತಿರುಗಿದಂತೆ. ಎರಡೂ ಕೂಡಿ ಬಂದ ದಿನ ಹೊಸೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಒಂದೇ ಪೊಟ್ಟಣದ ಬೋಂಡಾ ತಿನ್ನುತ್ತ ಕೂರುತ್ತಿದ್ದರು. ಅದೇ ಅವರ ಮನೆ, ಅದೇ ನಡುಮನೆ. ಕೃಷ್ಣಗಿರಿ ಬಸ್ಸು ಹೊಗೆ ಬಿಟ್ಟರೆ ಅದೇ ಒಲೆ ಎಂದು ಸರಿತಾ ನಗುತ್ತಿದ್ದಳು. ಅವಳನ್ನು ಬಿಟ್ಟು ಅಂಚೆಟ್ಟಿ ಬಸ್ಸು ಹತ್ತಿದ ಮೇಲೆ ಮುನೀಶ ಪ್ರತಿ ಸಲವೂ ಹಿಂದಿನ ಸೀಟಿಗೇ ಹೋಗಿ, ಆ ಬೆಂಚು ಮರೆಯಾಗುವವರೆಗೆ ನೋಡುತ್ತಿದ್ದ.

ಆ ಶನಿವಾರ ಬೆಳಿಗ್ಗೆ ಅವನು ಬಂಡೆ ಹತ್ತಿದ. ಕಗ್ಗಲಿದೊಡ್ಡಿಯಲ್ಲಿ ಫೋನು ಖಾತ್ರಿಯಾಗಿ ಮಾತಾಡುವ ಜಾಗ ಅದೊಂದೇ. ಬೇರೆಡೆ ಅದು ಮನಸ್ಸಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಹತ್ತಿದ ಕೂಡಲೇ ಮೇಡಂ ಸಿಕ್ಕರು.

"ಮುನೀಶ್, ನಾಲ್ಕನೇ ಪ್ಲಾಟಲ್ಲಿ ಏನು ನಡೀತಿದೆ? ಬೆಟ್ಟದ ಎದುರು ನಿಂತು ಕೂಗಿದ್ರೆ ಸ್ವಲ್ಪ ತಾನೇ ವಾಪಸ್ ಕೇಳ್ಸೋದು? ಇಲ್ಲಿ ನಾವು ಪಿಸುಗುಟ್ಟಿದ್ರೆ ಕಾಡು ಕಿರುಚ್ತಾ ಇದೆ. ಮರ ಇಷ್ಟು ಕಿರುಚಲ್ಲ. ಅಲ್ಲಿ ಏನಾದ್ರೂ ಲೋಹ ಇದೆಯಾ?"

ಮುನೀಶನಿಗೆ ಈಗ ಹೊಳೆಯಿತು. ಡಬ್ಬಗಳನ್ನು ದಿನಾ ನೋಡಿ ನೋಡಿ ಅವೂ ಮರದ ಕಾಯಿಯೇ ಎನ್ನುವಷ್ಟು ಕಣ್ಣಿಗೆ ಒಗ್ಗಿಹೋಗಿದ್ದವು.

"ಎಣ್ಣೆ ಡಬ್ಬ ಇದಾವೆ ಮೇಡಂ. ಆನೆಗೆ."

"ಆನೆಗೆ ಎಣ್ಣೆ ಯಾಕೆ?"

ಮುನೀಶ ವಿವರಿಸಿದ. ಆ ಕಡೆ ಮೇಡಂ ಹಣೆ ಚಚ್ಚಿಕೊಂಡದ್ದು ಬಂಡೆಯ ಮೇಲೂ ಕೇಳಿಸಿತು.

"ಇವತ್ತೇ ತೆಗೆಸಿ. ಸಂಜೆ ಐದೂವರೆಗೆ ಸ್ಯಾಟಲೈಟ್ ಹಾದು ಹೋಗುತ್ತೆ. ನಮಗೆ ಇದೇ ಕೊನೇದು. ಮುಂದಿನ ಸಲ ಬರೋಷ್ಟ್ರಲ್ಲಿ ಎಲೆ ಉದುರೋಕೆ ಶುರುವಾಗಿರುತ್ತೆ, ಲೆಕ್ಕಾನೇ ಬೇರೆಯಾಗುತ್ತೆ. ಪ್ಲಾಟಲ್ಲಿ, ಅದರ ಅಂಚಲ್ಲಿ, ಪಕ್ಕದ ರಸ್ತೇಲಿ ಒಂದು ಚೂರು ಕಬ್ಬಿಣ, ತಗಡು, ಸ್ಟೀಲು ಇರಬಾರದು. ಮರದ ಕೆಳಗಿಟ್ರೆ ಸಾಕು ಅನ್ಕೋಬೇಡಿ, ಈ ರೇಡಾರ್ ಎಲೆ ತೂರಿಕೊಂಡು ಒಳಗೆ ಹೋಗುತ್ತೆ. ಇವತ್ತು ಲೆಕ್ಕ ಕೂಡಿದ್ರೆ ನಿಮ್ಮ ಕೆಲಸ ಮುಗೀತು, ಸೋಮವಾರದಿಂದ ಹೊಸೂರು ಆಫೀಸಿಗೆ ಬನ್ನಿ. ಕೂಡದಿದ್ರೆ ಮುಂದಿನ ವರ್ಷ ಎಲೆ ಬರೋವರೆಗೂ ಅಲ್ಲೇ ಇದ್ದು ಎಲ್ಲಾ ಮತ್ತೆ ಅಳೀಬೇಕು."

ಹೊಸೂರು ಎಂಬ ಮಾತು ಕಿವಿಗೆ ಬಿದ್ದದ್ದೇ ಮುನೀಶ ಉಳಿದದ್ದನ್ನೆಲ್ಲ ಮರೆತ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಹಿರಿಯರು ಹೆಂಡತಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾದವರಲ್ಲ. ಅವನು ಆ ಕ್ಷಣವೇ ಸರಿತಾಗೆ ಫೋನು ಹಚ್ಚಿದ.

"ಸರಿತಾ, ಸೋಮವಾರದಿಂದ ನಾನು ಹೊಸೂರಲ್ಲೇ ಕಣೆ!"

ಆ ಕಡೆ ಮೂಗು ಎಳೆದುಕೊಂಡ ಸದ್ದು.

"ನಿಜ ಹೇಳ್ರೀ."

"ಮೇಡಮ್ಮೇ ಹೇಳವ್ರೆ. ಸಂಜೆ ಒಂದ್ ಸಣ್ಣ ಕೆಲ್ಸ ಐತೆ, ಅಷ್ಟೆ."

"ನಂಗೆ ಇವತ್ತು ರಜ. ಬರಾಕಾಗಲ್ವಾ?"

"ಇವತ್ತಾಗಲ್ಲ. ಸೋಮವಾರದಿಂದ ದಿನಾ ಬತ್ತೀನಲ್ಲ."

"ದಿನಾ..." ಎಂದಳು ಸರಿತಾ. ಆ ಒಂದು ಮಾತನ್ನು ಅವಳು ಹೇಳಿದ ರೀತಿಗೆ ಮುನೀಶನ ಕಣ್ಣು ಹನಿಗೂಡಿತು. ಮರುಕ್ಷಣವೇ ಅವಳ ದನಿ ಬದಲಾಯಿತು. "ರೀ, ಬಾಡಿಗೆಗೆ ನೋಡಿದ್ವಲ್ಲ, ಆ ಚಿಕ್ಕ ಮನೆ ಇನ್ನೂ ಖಾಲಿ ಐತೆ. ಬೀರು ನೋಡ್ತೀನಿ ಅಂದಿದ್ನಲ್ಲ, ಯಾವ ಬಣ್ಣ ತಗಳ್ಳಿ?"

"ಯಾವ್ದಾದ್ರೂ ತಗೊ. ಕನ್ನಡಿ ಇರೋದು ತಗೊ," ಎಂದು ಮುನೀಶ ಬಂಡೆಯಿಂದ ಜಿಗಿದೇ ಇಳಿದ.

ಡಬ್ಬಗಳ ಯಜಮಾನ ಮುತ್ತರಾಯಪ್ಪ. ಮುನೀಶ ಬಾಡಿಗೆಗಿದ್ದದ್ದೂ ಅವನ ಮನೆಯ ಹಿಂದಿನ ಕೋಣೆಯಲ್ಲಿ. ರಾಗಿ ಹೊಲದ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಮುತ್ತರಾಯಪ್ಪ ಪೂರ್ತಿ ಕೇಳಿಸಿಕೊಂಡು, ತೆನೆಗಳ ಕಡೆ ಒಮ್ಮೆ, ಕಾಡಿನ ಕಡೆ ಒಮ್ಮೆ ನೋಡಿದ.

"ಆಗಾಕಿಲ್ಲ ಕಣ್ಲಾ. ಮೊನ್ನೆ ತಾನೇ ಸಲಗ ಕೆರೆತಾವ ನೀರ್ ಕುಡ್ದು ಹೋಗೈತೆ. ರಾತ್ರಿ ಬಂದು ರಾಗಿ ತುಳುದ್ರೆ ನಿಮ್ ಮೇಡಮ್ಮು ಬಂದು ಓಡುಸ್ತದಾ?"

"ಸಂಜೆ ಒಂದ್ ಗಳಿಗೆ ಮಾವ. ಸ್ಯಾಟಲೈಟು ಹೋದೇಟ್ಗೆ ನಾನೇ ಎಲ್ಲಾನೂ ಕಟ್ಕೊಡ್ತೀನಿ."

"ಕಟ್ಟಾದೊಂದೇನಾ? ಕಾಯಾದು?"

"ಇವತ್ ರಾತ್ರಿ ಅಟ್ಟಣೆ ಮೇಲೆ ನಾನೇ ಮಲಗ್ತೀನಿ. ಆಯ್ತಾ?"

ಮುತ್ತರಾಯಪ್ಪ ಬೀಡಿ ಆರಿಸಿದ. "ಹೆಂಡ್ರು ಬೇಕು ಅಂದ್ರೆ ಗಂಡಸು ಆನೆ ಬಾಯ್ಗೂ ಹೋಯ್ತಾನೆ ಬುಡು. ನಾನೂ ಹೋಗಿದ್ದೋನೆ," ಎಂದು ಕುಡುಗೋಲು ಕೊಟ್ಟ.

ಹಗ್ಗ ಕೊಯ್ದು ಡಬ್ಬಗಳನ್ನು ಹೆಗಲು, ಬೆನ್ನು, ಎರಡು ತೋಳಿಗೂ ಏರಿಸಿಕೊಂಡು ಮುನೀಶ ಊರೊಳಗೆ ಬಂದಾಗ ಅವನ ಒಂದೊಂದು ಹೆಜ್ಜೆಗೂ ತಮಟೆ ಮೇಳವೇ ಬಂದಂತಾಯಿತು. ಊರಿನ ನಾಯಿಗಳೆಲ್ಲ ಮೆರವಣಿಗೆ ಸೇರಿದವು. ಟೀ ಅಂಗಡಿಯ ಗಂಗರತ್ನಮ್ಮ ಹಾಲಿನ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಊರಿನ ಸುದ್ದಿಯೆಲ್ಲ ಅವಳ ಅಂಗಡಿಗೆ ಹಸಿಯಾಗಿ ಬಂದು, ಅಲ್ಲಿ ಬೆಂದು, ಒಗ್ಗರಣೆ ಹಾಕಿಸಿಕೊಂಡು ಮುಂದಕ್ಕೆ ಹೋಗಬೇಕು.

"ಏನ್ಲಾ ಮುನೀಸ, ಡಬ್ಬದ್ ಯಾಪಾರ ಇಕ್ಕಂಡ್ಯಾ?"

"ಇಲ್ಲ ಕಣಕ್ಕ. ಐದೂವರೆಗೆ ಮೇಲೆ ಸ್ಯಾಟಲೈಟು ಬತ್ತೈತೆ. ಅದ್ರ ಕಣ್ಣಿಗೆ ಒಂದ್ ತಗಡೂ ಬೀಳ್ಬಾರ್ದು."

"ಬಿದ್ರೆ?"

"ಬಿದ್ರೆ ನನ್ ಕತೆ ಮುಗೀತು!" ಎಂದು ಮುನೀಶ ಡಣಡಣ ಎನ್ನುತ್ತ ಮುಂದೆ ಹೋದ.

ಇನ್ನೊಂದು ಮಾತು ಹೇಳಿ ಹೋಗಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಗಂಗರತ್ನಮ್ಮ ಸೌಟು ಹಿಡಿದು ಯೋಚಿಸಿದಳು. ಡಬ್ಬ ಕಂಡರೆ ಈ ಹುಡುಗನ ಕತೆಯೇ ಮುಗಿಯುವುದಾದರೆ, ಮನೆ ತುಂಬ ಪಾತ್ರೆ ಇಟ್ಟುಕೊಂಡವರ ಕತೆ ಏನು? ಪಕ್ಕದ ಮನೆಯ ಮಂಗಳಾ ಟೀಗೆ ಬಂದಾಗ ಆ ಯೋಚನೆ, "ಮೇಲಿಂದ ಪಾತ್ರೆ ಎಣುಸ್ತಾರಂತೆ" ಎಂದಾಯಿತು. ಮಂಗಳಾ ಅದನ್ನು ನೀರಿನ ಟ್ಯಾಂಕಿನ ಹತ್ತಿರ, "ಜಾಸ್ತಿ ಇದ್ದೋರ್ಗೆ ರೇಷನ್ ಕಾರ್ಡು ಕಟ್ಟಂತೆ" ಎಂದು ಇಳಿಸಿದಳು. ಮಧ್ಯಾಹ್ನದ ಮುದ್ದೆ ಉಣ್ಣುವ ಹೊತ್ತಿಗೆ ಕಗ್ಗಲಿದೊಡ್ಡಿಯಲ್ಲಿ ಅಕ್ಕಿಯ ಆಸೆ ಇದ್ದವರಿಗೆಲ್ಲ ಪಾತ್ರೆಯ ಭಯ ಹತ್ತಿತ್ತು.

ಮುನೀಶನಿಗೆ ಇದೊಂದೂ ತಿಳಿಯದು. ಅವನು ಡಬ್ಬಗಳನ್ನು ಕೋಣೆಯಲ್ಲಿ ಪೇರಿಸಿ, ಉಂಡು, ಗೋಡೆಗೆ ಒರಗಿ, ಹೊಸೂರಿನ ಆ ಚಿಕ್ಕ ಮನೆಯನ್ನು ಮನಸ್ಸಿನಲ್ಲೇ ಜೋಡಿಸುತ್ತ ಕೂತ. ಬೀರು ಬಾಗಿಲ ಪಕ್ಕಕ್ಕೆ. ಅದರ ಕನ್ನಡಿಯಲ್ಲಿ ಸರಿತಾ ಹೂ ಮುಡಿಯಬೇಕು, ತಾನು ಹಿಂದೆ ನಿಂತು ತಲೆ ಬಾಚಿಕೊಳ್ಳಬೇಕು, ಇಬ್ಬರೂ ಜಾಗಕ್ಕಾಗಿ ಜಗಳವಾಡಬೇಕು. ಜಗಳವಾಡಲಿಕ್ಕೂ ಒಂದು ಮನೆ ಬೇಕಲ್ಲ! ಹಾಗೇ ಕಣ್ಣು ಹತ್ತಿತು.

ಎಚ್ಚರವಾದಾಗ ನಾಲ್ಕು ಗಂಟೆ. ಒಂದು ಸಲ ನೋಡಿ ಬರೋಣವೆಂದು ಪ್ಲಾಟಿಗೆ ಹೋದವನು ಅಂಚಿನ ಮರ ಹಿಡಿದುಕೊಂಡು ನಿಂತ.

ಇಡೀ ಊರು ಕಾಡೊಳಗಿತ್ತು. ಒಂದೊಂದು ಮರದ ಕೆಳಗೂ ಒಂದೊಂದು ಸಂಸಾರ. ಹಿತ್ತಾಳೆ ಹಂಡೆ, ಸ್ಟೀಲು ಬಿಂದಿಗೆ, ಹಾಲಿನ ಕ್ಯಾನು, ಸರ್ಕಾರ ಪುಕ್ಕಟೆ ಕೊಟ್ಟ ಗ್ರೈಂಡರು, ಸೈಕಲ್ಲು, ಸ್ಪ್ರೇ ಮಾಡುವ ಪಂಪು. ಯಾರದೋ ಟಿ.ವಿ. ಡಿಶ್ಶು ಬುಡದಲ್ಲಿ ಅಂಗಾತ ಬಿದ್ದು ಆಕಾಶಕ್ಕೆ ಭಿಕ್ಷೆ ಬೇಡುತ್ತಿತ್ತು. ಮುನೀಶ ವರ್ಷದಿಂದ ತಬ್ಬಿ ತಬ್ಬಿ ಅಳೆದಿದ್ದ ದಿಂಡಿಗದ ಮರಗಳ ನಡುವೆ ಕಬ್ಬಿಣದ ಮಂಚ ಹಾಕಿಕೊಂಡು ಮಂಗಳಾ ಕಾವಲು ಕೂತಿದ್ದಳು.

"ಅಯ್ಯೋ! ಇದ್ನೆಲ್ಲ ಇಲ್ಯಾಕ್ ತಂದಿಕ್ಕಿದ್ರಿ?" ಎಂದು ಮುನೀಶ ಕಿರುಚಿದ.

ಗಂಗರತ್ನಮ್ಮ ಬುದ್ಧಿವಂತೆಯಂತೆ ನಕ್ಕಳು. "ಮರದಡೀಲಿದ್ರೆ ಮೇಲ್ನಿಂದ ಎಂಗ್ಲಾ ಕಾಣ್ತದೆ? ಎಲೆ ಅಡ್ಡ ಬರಾಕಿಲ್ವಾ? ನಿನ್ ಕತೆ ಮುಗೀಬಾರ್ದು ಅಂತ್ಲೂ ಮಾಡಿದ್ದು ಕಣ್ಲಾ."

"ಅದ್ಕೆ ಎಲೆ ಲೆಕ್ಕಕ್ಕೇ ಇಲ್ಲ ಕಣಕ್ಕ! ಎಲೆ ತೂರ್ಕೊಂಡು ಒಳೀಕ್ಕೆ ನೋಡ್ತದೆ!"

ಈ ಮಾತು ಹೇಳಿದ್ದೇ ತಪ್ಪಾಯಿತು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಆಕಾಶ ನೋಡಿದರು. "ಎಲೆ ತೂರೋದು ಚಾವಣಿ ತೂರಾಕಿಲ್ವಾ?" ಎಂದಳು ಮಂಗಳಾ. "ಹಂಗಾದ್ರೆ ಮನೇಲಿಕ್ಕಿದ್ರೂ ಕಾಣ್ತದೆ. ಇನ್ನೂ ಒಳೀಕ್ಕೆ ಹೊತ್ಕಂಡ್ ಹೋಗಾನ ನಡೀರಿ, ಬಿದಿರು ಮೆಳೆತಾವ್ಕೆ!" ಕೆಲವರು ಹಂಡೆ ಎತ್ತಿಯೂ ಬಿಟ್ಟರು.

ನಿಜ ಹೇಳಿ ಕೆಟ್ಟವನು ಸುಳ್ಳು ಹೇಳಿ ಬದುಕಬೇಕಾಯಿತು. ಆ ಸ್ಯಾಟಲೈಟು ಕೃಷ್ಣಗಿರಿಯಿಂದ ಕನಕಪುರದವರೆಗೂ ಊರು ಕೇರಿ ಒಂದನ್ನೂ ಬಿಡದೆ ನೋಡುತ್ತದೆಂದು ಮುನೀಶನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಮುಗಿದು, "ಅದು ಕಾಡು ಮಾತ್ರ ನೋಡೋದು ಕಣ್ರಕ್ಕ. ಊರು ಅದ್ರ ಲೆಕ್ಕದಾಗೇ ಇಲ್ಲ. ಮನೇಲಿದ್ರೆ ಕಾಣಾಕಿಲ್ಲ. ನಡೀರಿ, ಎಲ್ಲಾನೂ ಮನೇಗ್ ಸಾಗ್ಸಿ," ಎಂದ.

"ಆಣೆ ಇಕ್ಕು," ಎಂದಳು ಗಂಗರತ್ನಮ್ಮ.

"ದೇವ್ರಾಣೆ."

"ದೇವ್ರು ಎಲ್ರಿಗೂ ಸಿಕ್ತಾನೆ. ನಿನ್ ಹೆಂಡ್ರ ಮ್ಯಾಲೆ ಇಕ್ಕು."

ಸರಿತಾಳ ತಲೆಯ ಮೇಲೆ ಸುಳ್ಳು ಆಣೆ ಇಡುವುದು ಮುನೀಶನಿಂದಾಗದು. ಬದಲಿಗೆ, "ನಾನ್ ಹೇಳಿದ್ದು ಸುಳ್ಳಾದ್ರೆ ನಾನು ಹೊಸೂರು ಸೇರೋದೇ ಸುಳ್ಳಾಗ್ಲಿ," ಎಂದ. ಗಂಗರತ್ನಮ್ಮನಿಗೆ ಅವನ ಹೊಸೂರು ಎಂಥದ್ದೆಂದು ಗೊತ್ತಿತ್ತು. ವರ್ಷದಿಂದ ಅವಳ ಅಂಗಡಿಯಲ್ಲಿ ಟೀ ಆರಿಸಿಕೊಳ್ಳುತ್ತ ಅವನು ಬೇರೆ ಊರಿನ ಮಾತೇ ಆಡಿರಲಿಲ್ಲ. "ನಡೀರಮ್ಮ, ಹುಡ್ಗ ನಿಜ ಹೇಳ್ತಾವ್ನೆ," ಎಂದು ಮೊದಲ ಬಿಂದಿಗೆ ಅವಳೇ ಎತ್ತಿಕೊಂಡಳು.

ತರುವಾಗ ಓಡಿ ತಂದವರಿಗೆ ಒಯ್ಯುವಾಗ ಸೊಂಟ ನೋವು ಬಂತು. ಅರ್ಧ ಸಾಮಾನು ಮುನೀಶನ ತಲೆಗೇ ಬಿತ್ತು. ಮಂಗಳಾಳ ಮಂಚ ಹೊತ್ತ, ಹಂಡೆ ಉರುಳಿಸಿದ. ಯಾರ ಬಿಂದಿಗೆ ಯಾರದೆಂದು ಇಬ್ಬರು ಓರಗಿತ್ತಿಯರು ಅಲ್ಲೇ ಜಗಳಕ್ಕೆ ನಿಂತಾಗ ಎರಡನ್ನೂ ಕಿತ್ತುಕೊಂಡು ಓಡಿದ. ಗ್ರೈಂಡರಿನ ಕಲ್ಲು ಹೆಗಲ ಮೇಲಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ನೋಡಿದರೆ ಸರಿತಾ. ಬೀರಿನ ಬಣ್ಣ ಇನ್ನೂ ಬಗೆಹರಿದಿಲ್ಲವೆಂದು ತೋರುತ್ತದೆ. "ಆಮೇಲೆ ಕಣೆ ಬಂಗಾರ," ಎಂದು ಫೋನಿಗೇ ಹೇಳಿ ಕಟ್ ಮಾಡಿದ. ಇನ್ನೊಂದು ಸಲ ನಡುಗಿತು. ಆಗ ಅವನ ತಲೆಯ ಮೇಲೆ ಡಿಶ್ಶಿತ್ತು; ಮತ್ತೆ ಕಟ್ ಮಾಡಿದ.

ಐದು ದಾಟುವ ಹೊತ್ತಿಗೆ ಕಾಡು ಖಾಲಿಯಾಯಿತು. ಮುನೀಶನೊಂದಿಗೆ ಉಳಿದವನು ಮುತ್ತರಾಯಪ್ಪ ಒಬ್ಬನೇ.

"ಮಾವ, ನಿನ್ ಕುಡುಗೋಲು?"

"ತಗೊಂಡ್ ಹೋಯ್ತೀನಿ ಬುಡು. ನಿನ್ ಮೈಮ್ಯಾಲಿಂದು?"

ಮುನೀಶ ತನ್ನನ್ನೇ ನೋಡಿಕೊಂಡ. ಬೆಲ್ಟಿನ ಬಕಲು ಫಳಫಳ ಎನ್ನುತ್ತಿತ್ತು. ಬಿಚ್ಚಿದ. ಬೀಗದ ಕೈ ತೆಗೆದ. ಅತ್ತೆಮನೆಯವರು ಮದುವೆಯಲ್ಲಿ ಹಾಕಿದ್ದ ಉಂಗುರವನ್ನು ಎಂಜಲು ಹಚ್ಚಿ ತಿರುವಿ ತಿರುವಿ ಎಳೆದ. ಇಷ್ಟು ಮಾಡಿದ ಮೇಲೆ ಒಂದು ಕೂದಲೆಳೆಯ ಅನುಮಾನವೂ ಬೇಡವೆಂದು ಸೊಂಟದ ಬೆಳ್ಳಿ ಉಡಿದಾರಕ್ಕೂ ಕೈ ಹಾಕಿದ.

"ಲೇ, ಉಡಿದಾರ ಬಿಚ್ಬಾರ್ದು ಕಣ್ಲಾ! ಒಳ್ಳೇದಲ್ಲ!"

"ಇರ್ಲಿ ಬುಡು ಮಾವ. ಸೋಮವಾರ ಹೊಸೂರಿಗೋಗಿ ಎಲ್ಲಾನೂ ಹಾಕ್ಕಂತೀನಿ," ಎಂದು ಫೋನನ್ನೂ ಸೇರಿಸಿ ಎಲ್ಲವನ್ನೂ ಟವೆಲಿನಲ್ಲಿ ಗಂಟು ಕಟ್ಟಿ ಕೊಟ್ಟ. "ಊರಾಗ್ ನಿಂತ್ಕೊ. ಫೋನಲ್ಲಿ ಐದೂವರೆ ಆದೇಟ್ಗೆ ಒಂದ್ ಕೂಗ್ ಹಾಕು. ನಂಗೆ ಗೊತ್ತಾಯ್ತದೆ."

ಮುತ್ತರಾಯಪ್ಪ ಹೋದ. ಮುನೀಶ ಪ್ಲಾಟಿನ ಅಂಚಿನಲ್ಲಿ, ರಸ್ತೆಯ ಪಕ್ಕ, ಜಾರುವ ಪ್ಯಾಂಟನ್ನು ಎಡಗೈಯಲ್ಲಿ ಹಿಡಿದು ನಿಂತ. ಬೆಳಗಿನಿಂದ ಇದೇ ಮೊದಲು ಸುತ್ತ ಸದ್ದಿಲ್ಲದಾದದ್ದು. ಇಳಿಬಿಸಿಲು ಬೊಡ್ಡೆಗಳ ನಡುವೆ ಚಾಚಿಕೊಂಡಿತ್ತು. ಅವನು ಮರಗಳನ್ನು ಒಂದೊಂದಾಗಿ ನೋಡಿದ. ಎಲ್ಲದರ ಸುತ್ತಳತೆಯೂ ಅವನಿಗೆ ಬಾಯಿಪಾಠ. ಇವುಗಳ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ. ಆದರೆ ಸರಿತಾಳ ನಡು ಎಷ್ಟು ತೆಳ್ಳಗೆಂದು ಕೈಗೆ ಮರೆತೇ ಹೋಗುವಂತಾಗಿತ್ತು. ಒಂದು ಸಲ, ಇದೊಂದೇ ಸಲ, ಮೇಲಿನಿಂದ ಕೂಗಿದಾಗ ಗಟ್ಟಿಯಾಗಿ ಓಗೊಡಬೇಡಿ ಎಂದು ಮರಗಳಿಗೆ ಮನಸ್ಸಿನಲ್ಲೇ ಕೇಳಿಕೊಂಡ.

ಮರಗಳು ಅವನ ಮಾತು ಕೇಳಿದವು. ರಸ್ತೆ ಕೇಳಲಿಲ್ಲ.

ತಿರುವಿನಲ್ಲಿ ಏನೋ ಫಳ್ಳೆಂದಿತು. ಬಿಸಿಲು ಯಾವುದಕ್ಕೋ ಬಡಿದು ನೇರ ಅವನ ಕಣ್ಣಿಗೇ ಬಂತು. ಹಿಂದೆಯೇ ಗಡಗಡ ಸದ್ದು. ಒಂದು ಟೆಂಪೊ ಬರುತ್ತಿತ್ತು. ಅದರ ಬೆನ್ನ ಮೇಲೆ ಆಳೆತ್ತರದ ಏನೋ ಒಂದು ನಿಂತು ಹೊಳೆಯುತ್ತಿತ್ತು. ಈಗ ಬರಬೇಕೇ ಈ ಪೀಡೆ? ಬೇಗ ದಾಟಿಹೋದರೆ ಸಾಕೆಂದು ಮುನೀಶ ರಸ್ತೆಯ ನಡುವಿಗೇ ಓಡಿ, "ಹೋಗು! ನಿಲ್ಬೇಡ! ಹೋಗು!" ಎಂದು ಬಲಗೈ ಬೀಸಿದ. ಎರಡೂ ಕೈ ಬೀಸಿದ್ದರೆ ಹೋಗೆಂದು ತಿಳಿಯುತ್ತಿತ್ತೇನೋ. ಎಡಗೈ ಪ್ಯಾಂಟಿನ ಮೇಲಿತ್ತು. ರಸ್ತೆಯ ನಡುವೆ ನಿಂತು ಒಂಟಿ ಕೈ ಬೀಸುವವನನ್ನು ಕಂಡರೆ ಆ ದಾರಿಯಲ್ಲಿ ಯಾರಾದರೂ ಆನೆ ಬಂದಿದೆಯೆಂದೇ ತಿಳಿಯುತ್ತಾರೆ. ಟೆಂಪೊ ಕಿರ್ರೆಂದು ಸರಿಯಾಗಿ ನಾಲ್ಕನೇ ಪ್ಲಾಟಿನ ಬಿಳಿ ಬಣ್ಣ ಬಳಿದ ಮರದ ಪಕ್ಕ ನಿಂತಿತು.

ಬಾಗಿಲು ತೆರೆದು ಇಳಿದವಳು ಸರಿತಾ.

"ಏನ್ರೀ, ಫೋನ್ ಮಾಡಿದ್ರೆ ಕಟ್ ಮಾಡ್ತೀರಾ, ಇಲ್ಲಿ ರಸ್ತೇಗೇ ಬಂದು ಗಾಡಿ ಅಡ್ಡ ಹಾಕ್ತೀರಾ!" ಎಂದವಳು ಅವನ ಎಡಗೈ ನೋಡಿ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು.

ಮುನೀಶನ ಬಾಯಿಗೆ "ಹೋಗು" ಎಂಬ ಮಾತು ಬರಬೇಕಿತ್ತು. ಬರಲಿಲ್ಲ. ಸಂಪಿಗೆ ಬಣ್ಣದ ಸೀರೆ, ದಾರಿಯ ಧೂಳು ಹತ್ತಿದ ಮುಖ, ಅದರಲ್ಲಿ ಆ ನಗು. ಎಂದಾದರೊಮ್ಮೆ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಹರಿದು ಹರಿದು ಸಿಗುತ್ತಿದ್ದ ಮುಖ, ಇವನ ಕಾಡಿನ ಮುಂದೆ, ಪೂರ್ತಿಯಾಗಿ ನಿಂತಿತ್ತು. ಅವನು ನೋಡುತ್ತ ನಿಂತುಬಿಟ್ಟ.

ಆಗ ಊರಿನ ಕಡೆಯಿಂದ ಮುತ್ತರಾಯಪ್ಪನ ಕೂಗು ಕೇಳಿಸಿತು. "ಕೂ...!" ಬೆಟ್ಟ ಅದನ್ನು ಸ್ವಲ್ಪವೇ ಹಿಂದಕ್ಕೆ ಕೊಟ್ಟಿತು.

"ತೆಗಿ ಗಾಡಿ! ಬಾಲಾಜಿ, ತೆಗಿ!" ಎಂದು ಮುನೀಶ ಎಚ್ಚೆತ್ತು ಅರಚಿದ.

ಡ್ರೈವರ್ ಸೀಟಿನಿಂದ ಸರಿತಾಳ ಚಿಕ್ಕಪ್ಪನ ಮಗ ಬಾಲಾಜಿ ತಲೆ ಹೊರಗೆ ಹಾಕಿದ. "ಯಾಕ್ ಬಾವ? ಆನೆ ಎಲ್ಲೈತೆ?"

ಆನೆ ಬಂದು ಹೋಗಿತ್ತು. ಆಕಾಶದಲ್ಲಿ.

ಸರಿತಾ ಒಂದೇ ಉಸಿರಿಗೆ ಹೇಳಿದಳು. ಬಾಲಾಜಿಗೆ ಡೆಂಕಣಿಕೋಟೆಯಲ್ಲಿ ಗುರುತಿನ ಬೀರು ಅಂಗಡಿ ಇತ್ತು. ಕನ್ನಡಿ ಇರುವುದನ್ನೇ ಆರಿಸಿದಳು. ಅರ್ಧ ದಾರಿ ಬಂದದ್ದೇ ಬಂದೆವು, ಇವರ ಸಾಮಾನನ್ನೂ ಇದೇ ಗಾಡಿಯಲ್ಲಿ ತುಂಬಿಕೊಂಡು ಹೋದರಾಯಿತೆಂದು ಹೊರಟರು. ಅದನ್ನು ಹೇಳೋಣವೆಂದು ಫೋನು ಮಾಡಿದರೆ ಇವರು ಎತ್ತಲಿಲ್ಲ.

"ಗಂಟು ಕಟ್ಟಿ ನಡೀರಿ. ನಂಗೆ ಬೆಳಿಗ್ಗೆ ಫಸ್ಟ್ ಶಿಫ್ಟು."

ಮುನೀಶ ಏನು ಹೇಳಬೇಕು? ರಾತ್ರಿ ರಾಗಿ ಕಾಯುತ್ತೇನೆಂದು ಮಾತು ಕೊಟ್ಟಿದ್ದೇನೆ, ಮೇಡಂ ಬೆಳಿಗ್ಗೆ ಹೇಳಬೇಕು ಎಂದ. ಉಳಿದದ್ದನ್ನು ಹೇಳಲಿಲ್ಲ. ಮುತ್ತರಾಯಪ್ಪನ ಕೂಗೇನು ಗಡಿಯಾರದ ಗಂಟೆಯಲ್ಲವಲ್ಲ. ಒಂದು ನಿಮಿಷ ತಡವಾಗಿಯೇ ಕೂಗಿರಬಹುದು, ಸ್ಯಾಟಲೈಟು ಟೆಂಪೊ ಬರುವ ಮೊದಲೇ ದಾಟಿರಬಹುದು ಎಂದು ತನಗೇ ಸಮಾಧಾನ ಹೇಳಿಕೊಂಡ. ಇಬ್ಬರೂ ಟೆಂಪೊದ ಹಿಂಬದಿ ಹತ್ತಿ, ಬಾಲಾಜಿ ಬೀಡಿ ಸೇದಿ ಮುಗಿಸುವವರೆಗೆ ಬೀರಿನ ಎದುರು ಕೂತರು. ಕನ್ನಡಿಯಲ್ಲಿ ಒಂದು ಗಂಡು, ಒಂದು ಹೆಣ್ಣು, ಹಿಂದೆ ಕಾಡು.

"ನೋಡ್ರೀ, ಇಬ್ರೂ ಒಟ್ಗೆ ಕಾಣ್ತೀವಿ," ಎಂದಳು ಸರಿತಾ.

ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು. ಟೆಂಪೊ ಹೊರಟಿತು. ಬೀರಿನ ಕನ್ನಡಿ ತಿರುವಿನವರೆಗೂ ಮುನೀಶನ ಕಡೆಯೇ ನೋಡುತ್ತ ಹೋಯಿತು. ಅವನು ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದು ಕೈ ಬೀಸುತ್ತ ನಿಂತಿದ್ದ. ಆಮೇಲೆ ಹೋಗಿ ಡಬ್ಬಗಳನ್ನು ತಂದು, ಒಂದೊಂದಾಗಿ ಮತ್ತೆ ಮರಗಳಿಗೆ ಕಟ್ಟಿದ.

ಬೆಳಿಗ್ಗೆ ಮುತ್ತರಾಯಪ್ಪನಿಂದ ಫೋನು ಇಸಿದುಕೊಂಡು ಬಂಡೆಗೆ ಓಡಿದ. ಮೇಡಂ ದನಿಯಲ್ಲಿ ಹಬ್ಬವಿತ್ತು.

"ಮುನೀಶ್, ಅದ್ಭುತ! ನಾಲ್ಕನೇ ಪ್ಲಾಟು ಮಾಡೆಲ್ ಹೇಳಿದ ಹಾಗೇ ಇದೆ. ಒಂದು ಡಬ್ಬಾನೂ ಇಲ್ಲ."

ಮುನೀಶ ಬಂಡೆಯ ಮೇಲೆ ಕುಣಿಯುವುದೊಂದು ಬಾಕಿ.

"ಒಂದೇ ಒಂದು. ರಸ್ತೆ ಕಡೆ ಅಂಚಲ್ಲಿ ಒಂದು ಬಿಳಿ ಚುಕ್ಕಿ ಇದೆ. ನಕ್ಷತ್ರದ ಥರ ಹೊಳೀತಿದೆ, ಅದರ ಹೊಳಪು ಪ್ಲಾಟಿನ ಕಾಲು ಭಾಗಕ್ಕೆ ಹರಡಿಬಿಟ್ಟಿದೆ. ಏನದು?"

ಮುನೀಶ ಕೆಳಗಿನ ರಸ್ತೆಯ ಕಡೆ ನೋಡಿದ.

"ಅದು ನನ್ ಹೆಂಡ್ತಿ ಮೇಡಂ."

ಈ ಸಲ ಹಣೆ ಚಚ್ಚಿಕೊಂಡ ಸದ್ದು ಬರಲಿಲ್ಲ. ಎಲ್ಲ ಕೇಳಿದ ಮೇಲೆ ಮೇಡಂ ಮೆತ್ತಗೆ, "ಕತ್ತರಿಸಿ ತೆಗೆಯೋಕೆ ನೋಡ್ದೆ ಮುನೀಶ್, ಆಗಲ್ಲ. ಮುಂದಿನ ವರ್ಷ ಎಲೆ ಬರೋವರೆಗೂ ನೀವು ಅಲ್ಲೇ ಇರಬೇಕಾಗುತ್ತೆ," ಎಂದರು. "ಚಿತ್ರ ಕಳಿಸ್ತೀನಿ, ನೋಡಿ."

ಕೆಳಗೆ ರಸ್ತೆಯಲ್ಲಿ ಹಾಲು ತರುತ್ತಿದ್ದ ಗಂಗರತ್ನಮ್ಮ ಇವನ ಮುಖ ನೋಡಿಯೇ ತಿಳಿದುಕೊಂಡಳು. "ಸುಳ್ಳಾಣೆ ಇಕ್ದ್ಯೇನ್ಲಾ?" ಎಂದವಳು ಮತ್ತೆ ತಾನೇ ಕನಿಕರಿಸಿ, "ಬಾ, ಟೀ ಕುಡ್ಯುವಂತೆ," ಎಂದು ಮುಂದೆ ಹೋದಳು.

ಚಿತ್ರ ಬಂತು. ಬೂದಿ ಚೆಲ್ಲಿದಂತೆ ಕಾಡು. ಅದರಂಚಿನಲ್ಲಿ ಕಣ್ಣು ಕೋರೈಸುವ ಒಂದು ಚುಕ್ಕಿ. ಇಡೀ ಕಾಡಿನಲ್ಲಿ ಮನಸ್ಸಿಟ್ಟು ಓಗೊಟ್ಟದ್ದು ಅದೊಂದೇ. ಮುನೀಶ ಅದನ್ನು ಸರಿತಾಗೆ ಕಳಿಸಿ, ಆದದ್ದನ್ನು ಬರೆದ. ಶಿಫ್ಟಿನ ಟೀ ಬಿಡುವಿನಲ್ಲಿ ಅವಳ ಉತ್ತರ ಬಂತು. "ಇದ್ರಲ್ಲಿ ನಾನ್ಯಾವುದು, ಬೀರು ಯಾವುದು?"

"ಎರಡೂ ಒಂದೇ ಚುಕ್ಕಿ. ಹೊಳೀತಿರೋದು ನೀನೇ."

"ಮತ್ತೆ ನೀವೆಲ್ಲಿ? ನನ್ ಪಕ್ಕದಲ್ಲೇ ನಿಂತಿದ್ರಲ್ಲ?"

ಮುನೀಶ ಚಿತ್ರವನ್ನು ಹಿಗ್ಗಿಸಿ ನೋಡಿದ. ಚುಕ್ಕಿಯ ಪಕ್ಕ ಬೂದು ಬಣ್ಣ, ಬರೀ ಬೂದು. ಬಲಗೈ ಬೆರಳಿನಲ್ಲಿ ಉಂಗುರವಿದ್ದ ಜಾಗ ಇನ್ನೂ ಬೆಳ್ಳಗಿತ್ತು. ಉಂಗುರ, ಉಡಿದಾರ, ಬೆಲ್ಟು ಎಲ್ಲವೂ ಮುತ್ತರಾಯಪ್ಪನ ಮನೆಯ ಗೂಡಿನಲ್ಲಿ ಟವೆಲಿನ ಗಂಟಿನೊಳಗೇ ಇದ್ದವು.

"ಅಲ್ಲೇ ಇದ್ದೆ. ಕಾಣೋ ಅಂಥದ್ದನ್ನೆಲ್ಲ ಬಿಚ್ಚಿಟ್ಟಿದ್ದೆ," ಎಂದು ಬರೆದು ಕಳಿಸಿದ. ಎಂದೂ ಕೈಕೊಡದ ಬಂಡೆಯಲ್ಲೂ ಸಿಗ್ನಲ್ ಹೋಗಿತ್ತು, ಮಾತು ಹೋಗದೆ ಅಲ್ಲೇ ನಿಂತಿತು. ಮುನೀಶ ಫೋನನ್ನು ಆಕಾಶಕ್ಕೆ ಹಿಡಿದುಕೊಂಡು ಬಂಡೆಯ ಮೇಲೆ ಕೂತ.